ಹಿಂಬದಿ ಸವಾರರನ್ನು ಬೂಸಾ ತಕ್ಕಡಿಯ ಮೇಲೆ ನಿಲ್ಲಿಸತಕ್ಕದ್ದಲ್ಲ

(ಇಲಾಖೆಯ ಹೆಸರು ಪರಿಷ್ಕರಣೆಯಲ್ಲಿದ್ದು, ಸದ್ಯಕ್ಕೆ ಇರುವುದಿಲ್ಲ)
ದ್ವಿಚಕ್ರ ವಾಹನಗಳ ಟೈರು ಮತ್ತು ಗಾಳಿ ಶಾಖೆ, ಉತ್ತರ ವಲಯ
ಸಂಜಯನಗರ, ಬೆಂಗಳೂರು

ಸಂಖ್ಯೆ: ಟೈಗಾಶಾ/ಉವ/ಸಿಬ್ಬಂದಿ/ತಿದ್ದುಪಡಿಯ ತಿದ್ದುಪಡಿ/ಹಾಲಿ ಸಾಲು
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ಮೋಟಾರ್ ಸೈಕಲ್ಲಿಗೆ ಟೈರು ಆರಿಸುವ, ಸರಿಯಾದ ಗಾಳಿ ತುಂಬಿಸುವ ಹಾಗೂ ಹಿಂದೆ ಕೂರುವವರ ಮರ್ಯಾದೆ ಕಾಪಾಡುವ ಬಗ್ಗೆ.

ಉಲ್ಲೇಖ:
1. ಈ ಕಚೇರಿಯ ಹಿಂದಿನ ಸುತ್ತೋಲೆ (ಇನ್ನು ಮುಂದೆ ‘ಹಿಂದಿನದು’ ಎಂದು ಕರೆಯಲಾಗುವುದು, ಬೇರೆ ಏನೂ ಕರೆಯಬಾರದಾಗಿ ಕೋರಿದೆ).
2. ಹೆಸರಘಟ್ಟದ ಶ್ರೀಮತಿ ಗೌರಮ್ಮನವರ ಮೌಖಿಕ ಆಕ್ಷೇಪಣೆ, ಅವರ ಮನೆಯ ಅಂಗಳದಲ್ಲಿ.
3. ಅದೇ ಗೌರಮ್ಮನವರ ಮೌಖಿಕ ಅಪ್ಪಣೆ, ಈ ಕಚೇರಿಯ ಅಂಗಳದಲ್ಲಿ.
4. ಪಂಕ್ಚರ್ ಅಂಗಡಿಯ ಖಾದರ್ ಬಾಷಾರವರ ಅಭಿಪ್ರಾಯ (ಕೇಳದೆಯೇ ಕೊಟ್ಟಿದ್ದು).

ಪ್ರಸ್ತಾವನೆ

ಈ ಶಾಖೆಯ ಸಿಬ್ಬಂದಿಯಲ್ಲಿ ಬಹುಪಾಲು ಜನ ಯಲಹಂಕ, ಯಶವಂತಪುರ, ಆರ್.ಟಿ. ನಗರ ಮುಂತಾದ ಕಡೆಗಳಿಂದ ಬೈಕಿನಲ್ಲೇ ಬಂದುಹೋಗುತ್ತಿದ್ದು, ನಿಮ್ಮ ಟೈರಿನಲ್ಲಿ ಎಷ್ಟು ಗಾಳಿ ಇದೆ ಎಂದು ಕೇಳಲಾಗಿ, “ಇರುತ್ತೆ ಸಾರ್, ಇರೋಷ್ಟು ಇರುತ್ತೆ” ಎಂದು ಉತ್ತರಿಸಿರುವುದು ಕಂಡುಬಂದಿರುತ್ತದೆ. ಟೈರು ಮತ್ತು ಗಾಳಿಗೆಂದೇ ಇರುವ ಶಾಖೆಯ ನೌಕರರೇ ಹೀಗಾದರೆ ಸಾರ್ವಜನಿಕರ ಗತಿಯೇನೆಂದು ಮನನೊಂದು, ಹಿಂದಿನದನ್ನು ಹೊರಡಿಸಲಾಗಿತ್ತು. ಹಿಂಬದಿ ಸವಾರರ ತೂಕವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಖಚಿತಪಡಿಸಿಕೊಂಡ ನಂತರವೇ ಹಿಂದಿನ ಚಕ್ರಕ್ಕೆ ಗಾಳಿ ತುಂಬತಕ್ಕದ್ದು ಎಂಬ ಒಂದು ಕಂಡಿಕೆ ಅದರಲ್ಲಿತ್ತು. ಬರೆಯುವಾಗ ಬಹಳ ಚೆನ್ನಾಗಿ ಕಂಡಿತ್ತು.

ಯಾರೂ ಓದುವುದಿಲ್ಲವೆಂಬ ಭರವಸೆಯ ಮೇಲೆಯೇ ಸುತ್ತೋಲೆಗಳು ಹೊರಡುತ್ತವೆ. ಸಿಬ್ಬಂದಿ ಸಹಿ ಹಾಕುತ್ತಾರೆ, ಅದರ ಮೇಲೆ ಕಾಫಿ ಲೋಟ ಇಡುತ್ತಾರೆ, ಮರೆಯುತ್ತಾರೆ. ಇದು ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಆದರೆ ಈ ಕಚೇರಿಯಲ್ಲಿ ಉಮೇಶ್ ಎಂಬ ಪ್ರಥಮ ದರ್ಜೆ ಸಹಾಯಕರಿದ್ದು, ಸದರಿಯವರು ಪ್ರತಿಯೊಂದು ಸುತ್ತೋಲೆಯನ್ನೂ ಮೇಲಿನ ಮುದ್ರೆಯಿಂದ ಕೆಳಗಿನ ‘ಪ್ರತಿ’ವರೆಗೆ ಓದುತ್ತಾರೆ. ಓದಿ ಬಿಡುವುದೂ ಇಲ್ಲ, ಪಾಲಿಸುತ್ತಾರೆ. ಬರವಣಿಗೆಯಲ್ಲಿ ಬಂದದ್ದು ಅವರಿಗೆ ವೇದ, ಬಾಯಿಮಾತಿನಲ್ಲಿ ಬಂದದ್ದು ಗಾಳಿಮಾತು. ಒಮ್ಮೆ ಕಚೇರಿಗೆ ಅರ್ಧ ದಿನ ರಜೆಯೆಂದು ಎಲ್ಲರೂ ಎದ್ದು ಹೋದರೂ, ಆದೇಶದ ಪ್ರತಿ ಕೈಗೆ ಬಂದಿಲ್ಲವೆಂದು ಸಂಜೆವರೆಗೆ ಒಬ್ಬರೇ ಕುಳಿತಿದ್ದರು. ಒಳ್ಳೆಯ ಮನುಷ್ಯ. ಇಲಾಖೆಗೆ ತೊಂದರೆಯಾಗುವುದು ಇಂಥ ಒಳ್ಳೆಯವರಿಂದಲೇ.

ಹೀಗಿರಲಾಗಿ, ಸದರಿಯವರ ಬಾಮೈದ ಗೋಪಿಗೆ ಮದುವೆಯಾಗಿ, ಹೆಸರಘಟ್ಟದ ಅತ್ತೆಯ ಮನೆಯಲ್ಲಿ ಬೀಗರೂಟ ಏರ್ಪಟ್ಟಿತು. ಉಮೇಶ್‌ರವರು ಪತ್ನಿ ಚೈತ್ರರವರನ್ನು ಹಿಂದೆ ಕೂರಿಸಿಕೊಂಡು ಯಲಹಂಕದ ಮನೆಯಿಂದ ಹೊರಟರು. ಚೈತ್ರರವರು ಜಿಮ್ಮಿಗೆ ಹೋಗುವವರಾದ್ದರಿಂದ ತಮ್ಮ ತೂಕವನ್ನು ತಾವೇ ಮನೆತುಂಬ ಸಾರುತ್ತಿದ್ದು, ಹಿಂದಿನದರ ಪಾಲನೆಗೆ ಅಲ್ಲಿಯವರೆಗೆ ಯಾವ ಅಡ್ಡಿಯೂ ಬಂದಿರಲಿಲ್ಲ.

ಮುದ್ದೆ, ಬಾಡಿನ ಸಾರು, ಎಲ್ಲ ಆಯಿತು. ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ವೀಳ್ಯದೆಲೆ ಸಾಲದೆ ಹೋಯಿತು. ಅತ್ತೆ ಗೌರಮ್ಮನವರ ಮನೆಯ ಮುಂದೆ ಮಗನ ದೊಡ್ಡ ಕಾರೇ ನಿಂತಿದೆ. ಆದರೆ ಕಾರಿನಲ್ಲಿ ಕೂತರೆ ಊರು ಕಾಣುವುದಿಲ್ಲ, ಊರಿಗೂ ತಾನು ಕಾಣುವುದಿಲ್ಲವೆಂಬುದು ಆಕೆಯ ಖಚಿತ ನಿಲುವು. ಅಳಿಯನ ಬೈಕಿನಲ್ಲಿ ಎರಡೂ ಕಾಲು ಒಂದೇ ಪಕ್ಕಕ್ಕೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈ ಎತ್ತುತ್ತ ಹೋಗುವುದೆಂದರೆ ಆಕೆಗೆ ಪ್ರಾಣ. “ಬನ್ನಿ ಅಳಿಯಂದ್ರೆ, ಸೋಲದೇವನಳ್ಳಿಗೆ ಒಂದ್ ರವುಂಡ್ ಓಗಿ ಎಲೆ ತರಾನ” ಎಂದು ಬೀಗರ ಎದುರಿಗೆ ಹೆಮ್ಮೆಯಿಂದಲೇ ಕರೆದರು.

ಅಂಗಳದಲ್ಲಿ ಹಸುಗಳ ಬೂಸಾ ಮೂಟೆ ತೂಗುವ ಕಬ್ಬಿಣದ ತಕ್ಕಡಿ ಇತ್ತು. ಉಮೇಶ್‌ರವರ ಕಣ್ಣು ಅದರ ಮೇಲೆ ಬಿತ್ತು. ಜೇಬಿನಲ್ಲಿ ಹಿಂದಿನದು ಇತ್ತು, ಗಾಳಿ ನೋಡುವ ಗೇಜೂ ಇತ್ತು.

“ಅತ್ತೆ, ಗಾಡಿ ಹತ್ತೋಕ್ ಮುಂಚೆ ಒಂದೇ ಒಂದ್ ನಿಮಿಷ ಇದ್ರ ಮೇಲೆ ನಿಂತ್ಕೊಳ್ಳಿ” ಎಂದರು. “ಸುತ್ತೋಲೆ ಇದೆ.”

ಇಷ್ಟಕ್ಕೇ ಬಿಟ್ಟಿದ್ದರೂ ಏನೋ ಒಂದು ಆಗುತ್ತಿತ್ತು. ಆದರೆ ಸದರಿಯವರು ಅರೆಬರೆ ಕೆಲಸ ಮಾಡುವವರಲ್ಲ. “ಊಟಕ್ಕೆ ಮುಂಚೇನೇ ನೋಡ್ಬೇಕಿತ್ತು ಅತ್ತೆ. ಈಗ ಸ್ವಲ್ಪ ಜಾಸ್ತಿ ತೋರ್ಸತ್ತೆ. ಪರವಾಗಿಲ್ಲ, ಕಳೆಯೋಣ” ಎಂದು ಸಮಾಧಾನವನ್ನೂ ಹೇಳಿದರು. ಬೀಗರಲ್ಲೊಬ್ಬರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು. ಟವೆಲ್ ಸಾಲಲಿಲ್ಲ.

“ನಾನೇನ್ ಬೂಸಾ ಮೂಟೆನಾ ಅಳಿಯಂದ್ರೆ?” ಎಂದರು ಗೌರಮ್ಮ. “ಬೀಗರ ಮುಂದೆ ಇಂಗ್ ಮಾಡ್ಬೋದಾ?” ಎಂದವರೇ ಒಳಗೆ ಹೋದರು. ಎಲೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಚೈತ್ರರವರು ಹೊರಗೆ ಬಂದರು. “ರೀ, ನೀವೊಬ್ರೇ ಹೊರಡಿ. ನಾನ್ ಬರಲ್ಲ. ಹೋಗೋವಾಗ ಗಾಳಿ ಇಳಿಸ್ಕೊಂಡ್ ಹೋಗಿ, ಒಬ್ರಿಗೆ ಎಷ್ಟ್ ಬೇಕೋ ಅಷ್ಟು. ಅದೂ ಬರ್ದಿರುತ್ತಲ್ಲ ನಿಮ್ ಸುತ್ತೋಲೆಲಿ.”

ಇದರಲ್ಲಿ ಇಲಾಖೆಯ ತಪ್ಪು ಯಾವುದೂ ಇರುವುದಿಲ್ಲ. ಆದಾಗ್ಯೂ, ಇಂಥ ಪ್ರಕರಣ ಮರುಕಳಿಸದಂತೆ ಈ ಕೆಳಕಂಡ ನಿಯಮಗಳನ್ನು ಹೊರಡಿಸಲಾಗಿದೆ.

ನಿಯಮಗಳು

1. ‘ಟೈರು’ ಎಂದರೆ ಟೈರು. ‘ಚಕ್ರ’ ಎಂದರೂ ಈ ಸುತ್ತೋಲೆಯ ಮಟ್ಟಿಗೆ ಅದೇ. ಅಳಿಯ ಅಲ್ಲ, ಮಗಳ ಗಂಡ. ‘ಗಾಳಿ’ ಎಂದರೆ ಟೈರಿನ ಒಳಗಿರುವುದು ಮಾತ್ರ. ಹೊರಗಿನ ಗಾಳಿ ಬೇರೆ ಇಲಾಖೆಗೆ ಸೇರಿದ್ದು.

2. ಹೊಸ ಟೈರು ಕೊಳ್ಳುವವರು ಹಳೆಯ ಟೈರಿನ ಪಕ್ಕೆಯ ಮೇಲೆ ಬರೆದಿರುವ ಅಂಕಿಗಳನ್ನು ನೋಡಿಕೊಂಡು, ಅದೇ ಅಳತೆಯದನ್ನೇ ಕೊಳ್ಳತಕ್ಕದ್ದು. ಮೊದಲ ಅಂಕಿ ಅಗಲ. ಓರೆಗೆರೆಯ ಆಚೆಯದು ಆ ಅಗಲದಲ್ಲಿ ಎತ್ತರ ನೂರಕ್ಕೆ ಎಷ್ಟು ಪಾಲು ಎಂಬುದು. ಕೊನೆಯದು ಒಳಗಿನ ರಿಮ್ಮಿನ ಅಳತೆ. ಈ ಕಚೇರಿಯ ವಿಜಯಕುಮಾರ ಎಂಬವರು ತಮ್ಮ ಟೈರಿನ ಮೇಲೆ 80/100 ಎಂದಿರುವುದನ್ನು ಕಂಡು ಬಿ.ಪಿ. ನಾರ್ಮಲ್ ಇಲ್ಲವೆಂದು ಗಾಡಿಯನ್ನು ಮೂಲೆಗೆ ನಿಲ್ಲಿಸಿ ವಿಶ್ರಾಂತಿ ಕೊಟ್ಟಿದ್ದು, ಅಂಥ ವಿಶ್ರಾಂತಿಯನ್ನು ಇನ್ನು ಮುಂದೆ ಸಾಂದರ್ಭಿಕ ರಜೆಯಿಂದ ಕಳೆಯಲಾಗುವುದು.

3. ನೋಡಲು ಗತ್ತಾಗಿರುತ್ತದೆಂದು ಸಣ್ಣ ಗಾಡಿಗೆ ಭಾರಿ ಅಗಲದ ಟೈರು ಹಾಕಿಸುವುದನ್ನು ನಿಷೇಧಿಸಲಾಗಿದೆ. ಅಂಥ ಟೈರು ಚೈನಿಗೆ ಉಜ್ಜುತ್ತದೆ, ತಿರುವಿನಲ್ಲಿ ಮಾತು ಕೇಳುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ. ಅಪ್ಪನ ಚಪ್ಪಲಿ ಮಗ ಮೆಟ್ಟಿಕೊಂಡರೆ ಮನೆಯವರು ನಗುತ್ತಾರೆ, ಟೈರಿನ ವಿಷಯದಲ್ಲಿ ಆರ್.ಟಿ. ನಗರದವರೆಲ್ಲ ನಗುತ್ತಾರೆ.

4. ಗುಡ್ಡ ಹತ್ತಲು ಮಾಡಿದ ಗಂಟುಗಂಟಿನ ಟೈರುಗಳನ್ನು ಬರೀ ತರಕಾರಿ ತರಲು ಹೋಗುವ ಗಾಡಿಗಳಿಗೆ ಹಾಕಿಸತಕ್ಕದ್ದಲ್ಲ.

(ಅ) ಮೇಲಿನ ನಿಯಮದ ಪರಿಶೀಲನೆಗೆಂದು ಹೋದ ಸಮಿತಿಯು ಒಂದು ಅಡ್ಡರಸ್ತೆಯನ್ನು (ಹೆಸರು ಬೇಡ) ದಾಟಿ ಬಂದ ಮೇಲೆ, ಸದರಿ ನಿಯಮವನ್ನು ಹಿಂಪಡೆಯಲಾಗಿದೆ.

5. ಟೈರಿನ ಪಕ್ಕೆಯಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ಟೈರು ಹುಟ್ಟಿದ ವಾರ, ಕೊನೆಯೆರಡು ಹುಟ್ಟಿದ ವರ್ಷ. ಜಾತಕ ನೋಡದೆ ಹೆಣ್ಣು ಕೊಡದವರು ಕೂಡ ಇದನ್ನು ನೋಡದೆ ಟೈರು ತರುತ್ತಿರುವುದು ವಿಷಾದನೀಯ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತು ಒಣಗಿದ ಟೈರಿಗೆ ಪಾಲಿಶ್ ಹೊಡೆದು ಹೊಸದೆಂದು ಕೊಡುವವರಿದ್ದಾರೆ. ಬಿರುಕು ಬಿಟ್ಟ ಟೈರನ್ನು “ಇನ್ನೊಂದ್ ವರ್ಷ ಓಡತ್ತೆ ಬಿಡು ಗುರು” ಎಂದು ಓಡಿಸುವವರೂ ಇದ್ದಾರೆ. ನಿವೃತ್ತಿಯ ನಂತರದ ಸೇವಾ ವಿಸ್ತರಣೆ ಅಧಿಕಾರಿಗಳಿಗೆ ಮಾತ್ರ ಅನ್ವಯಿಸುತ್ತದೆ, ಟೈರುಗಳಿಗಲ್ಲ.

6. ಟೈರಿನ ಮೇಲಿರುವ ಬಾಣದ ಗುರುತು ಚಕ್ರ ತಿರುಗಬೇಕಾದ ದಿಕ್ಕನ್ನು ತೋರಿಸುತ್ತದೆ. ಟೈರು ಕೂರಿಸುವಾಗ ಇದನ್ನು ಗಮನಿಸತಕ್ಕದ್ದು. ತಡವಾಗಿ ಬಂದ ನೌಕರರು “ಬಾಣ ಆ ಕಡೆ ಇತ್ತು ಸಾರ್” ಎಂದು ಸಮಜಾಯಿಷಿ ನೀಡುವಂತಿಲ್ಲ.

7. ಗಾಳಿಯನ್ನು ಟೈರು ತಣ್ಣಗಿರುವಾಗ ನೋಡತಕ್ಕದ್ದು. ಯಲಹಂಕದಿಂದ ಹೆಬ್ಬಾಳದ ಮೇಲ್ಸೇತುವೆ ಹತ್ತಿಳಿದು ಬಂದ ಟೈರು ಬಿಸಿಯಾಗಿ, ಒಳಗಿನ ಗಾಳಿ ಹಿಗ್ಗಿ, ಗೇಜು ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಗಾಳಿ ಇಳಿಸಿದವರು ಮರುದಿನ ಬೆಳಿಗ್ಗೆ ಮೆತ್ತಗಾದ ಟೈರಿನ ಮೇಲೆ ಹೊರಡುತ್ತಾರೆ. ಬಿಸಿಯಾಗಿರುವಾಗ ಏನನ್ನೂ ಇಳಿಸಬಾರದು, ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬಾರದು. ಈ ಕಂಡಿಕೆಯ ಒಂದು ಪ್ರತಿಯನ್ನು ಅಡುಗೆಮನೆಯಲ್ಲೂ ಅಂಟಿಸಿಕೊಳ್ಳಬಹುದು.

8. ಪೆಟ್ರೋಲ್ ಬಂಕುಗಳಲ್ಲಿ ‘ಗಾಳಿ ಇಲ್ಲ’ ಎಂಬ ಫಲಕ ಕಂಡಾಗ, ಫಲಕ ನಿಜ ಹೇಳುತ್ತಿದೆಯೇ ಎಂದು ವಿಚಾರಿಸತಕ್ಕದ್ದು. ಒಂದೆಡೆ ಯಂತ್ರ ಸರಿಹೋಗಿ ಎಷ್ಟೋ ಕಾಲವಾಗಿದ್ದರೂ ಫಲಕ ತೆಗೆಯುವ ಅಧಿಕಾರ ಯಾರಿಗೆಂದು ತೀರ್ಮಾನವಾಗಿರಲಿಲ್ಲ. ಸದರಿ ಫಲಕದ ಬಗ್ಗೆ ಈ ಕಚೇರಿಗೆ ಅಪಾರ ಗೌರವವಿದೆ.

9. ಟೈರನ್ನು ಕಾಲಿನಿಂದ ಒದ್ದು ಗಾಳಿ ಅಳೆಯುವುದನ್ನು ನಿಷೇಧಿಸಲಾಗಿದೆ. ಹೆಬ್ಬೆರಳಿನಿಂದ ಒತ್ತಿ ಅಳೆಯುವುದನ್ನು ಸಹ ನಿಷೇಧಿಸಲಾಗಿದೆ. ಕಚೇರಿ ಕಾಂಪೌಂಡಿಗೆ ಒರಗಿಕೊಂಡಂತೆ ಪಂಕ್ಚರ್ ಅಂಗಡಿ ಇಟ್ಟಿರುವ ಖಾದರ್ ಬಾಷಾರವರು ಈ ನಿಯಮವನ್ನು ಪ್ರತಿಭಟಿಸಿ, “ಸಾರ್, ನಿಮ್ ಮೀಟರ್ ಕೆಡ್ತದೆ, ನನ್ ಬೆರಳು ಕೆಡಲ್ಲ” ಎಂದು ವಾದಿಸಿದರು. ಶಾಖೆಯ ಎಲ್ಲರ ಸಮಕ್ಷಮ ಪರೀಕ್ಷೆ ನಡೆಸಲಾಯಿತು. ಬೆರಳು ಮೂವತ್ತು ಎಂದಿತು, ಗೇಜು ಹತ್ತೊಂಬತ್ತು ಎಂದಿತು. “ಚಳಿ ಇದೆ ಸಾರ್ ಇವತ್ತು, ಬೆರಳು ಗಟ್ಟಿಯಾಗೈತೆ” ಎಂದು ಸದರಿಯವರು ವಿವರಣೆ ನೀಡಿದ್ದು, ಕಡತದಲ್ಲಿ ಇರಿಸಲಾಗಿದೆ.

10. ಎಷ್ಟು ಗಾಳಿ ಎಂಬುದನ್ನು ಅವರವರ ಗಾಡಿಯ ಕೈಪಿಡಿಯಲ್ಲಿ ಅಥವಾ ಗಾಡಿಗೆ ಅಂಟಿಸಿರುವ ಚೀಟಿಯಲ್ಲಿ ನೋಡಿ ಹಾಕಿಸತಕ್ಕದ್ದು. ಅಕ್ಕಪಕ್ಕದವರನ್ನು ಕೇಳತಕ್ಕದ್ದಲ್ಲ, ಅಕ್ಕಪಕ್ಕದವರು ಎಲ್ಲದಕ್ಕೂ ಮೂವತ್ತೈದು ಎನ್ನುತ್ತಾರೆ. ಉದಾಹರಣೆಗೆ, ಉಮೇಶ್‌ರವರ ಗಾಡಿಯ ಹಿಂದಿನ ಚಕ್ರಕ್ಕೆ ಒಬ್ಬರೇ ಹೋಗುವಾಗ ಇಪ್ಪತ್ತೆಂಟು ಪಿಎಸ್‌ಐ, ಇಬ್ಬರು ಹೋಗುವಾಗ ಮೂವತ್ತಮೂರು. ಮೂರನೆಯವರು ಕೂತರೆ ಗಾಳಿಯ ವಿಚಾರ ಪೊಲೀಸರು ನೋಡಿಕೊಳ್ಳುತ್ತಾರೆ.

11. ಉದಾಹರಣೆಯ ಮಾತು ಬಂದದ್ದರಿಂದ, ಈ ಕೆಳಕಂಡ ಉಲ್ಲಂಘನೆಯನ್ನು ದಾಖಲಿಸಬೇಕಾಗಿ ಬಂದಿದೆ.

ಬೀಗರೂಟದ ನಂತರ ಸದರಿ ಉಮೇಶ್‌ರವರು ಒಬ್ಬರೇ ಓಡಾಡುತ್ತಿದ್ದಾರೆ. ನಿಯಮದಂತೆ ಇಪ್ಪತ್ತೆಂಟಕ್ಕೆ ಇಳಿಸಬೇಕಿತ್ತು. ಇಳಿಸಿರುವುದಿಲ್ಲ. ಮೂವತ್ತಮೂರರಲ್ಲೇ ಬರುತ್ತಾರೆ, ಮೂವತ್ತಮೂರರಲ್ಲೇ ಹೋಗುತ್ತಾರೆ. ಒಬ್ಬರ ಭಾರಕ್ಕೆ ಇಬ್ಬರ ಗಾಳಿಯಾದ್ದರಿಂದ ಹಂಪು ಬಂದಲ್ಲೆಲ್ಲ ಗಾಡಿ ಪುಟಿದು, ಊಟದ ಡಬ್ಬಿಯೊಳಗಿನ ಸಾರು ಚೀಲಕ್ಕೂ, ಚೀಲದಿಂದ ಕಡತಗಳಿಗೂ ತಲುಪುತ್ತಿದೆ. ಬರವಣಿಗೆಯಲ್ಲಿದ್ದ ಒಂದು ನಿಯಮವನ್ನು ಸದರಿಯವರು ಮುರಿದಿರುವುದು ಅವರ ಸೇವಾವಧಿಯಲ್ಲಿ ಇದೇ ಮೊದಲು.

ಬೆಳಿಗ್ಗೆ ಖಾದರ್ ಬಾಷಾರವರು ಅಂಗಡಿಯಿಂದಲೇ ಕೂಗಿ ಕೇಳುತ್ತಾರೆ: “ಸಾರ್, ಮೇಡಮ್ ಬಂದ್ರಾ?” ಉಮೇಶ್‌ರವರು ಇಲ್ಲವೆಂದು ತಲೆಯಾಡಿಸುತ್ತಾರೆ. “ಮತ್ತೆ ಡಬಲ್ ಗಾಳಿ ಯಾಕೆ ಸಾರ್? ಬ್ರೇಕ್ ಹಿಡಿದ್ರೆ ಹಿಂದ್ಗಡೆ ಜಾರ್ತದೆ. ಕೊಡಿ, ಇಳಿಸ್ತೀನಿ.” “ಬೇಡ ಖಾದರ್, ಇರ್ಲಿ” ಎನ್ನುತ್ತಾರೆ ಇವರು. “ದಾರಿಲಿ ಎಲ್ಲಾದ್ರೂ ಸಿಕ್ಕಿ ಹತ್ಕೊಂಡ್ರೆ?” ಹೆಸರಘಟ್ಟದಲ್ಲಿರುವ ಹೆಂಡತಿ ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಯಾಕೆ ಸಿಗುತ್ತಾಳೆ ಎಂದು ಖಾದರ್ ಬಾಷಾರವರು ಕೇಳಿಲ್ಲ. ಈ ಕಚೇರಿಯೂ ಕೇಳಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳದಿರುವಷ್ಟು ಮನುಷ್ಯತ್ವ ಈ ಕಚೇರಿಗೂ ಇದೆ.

ಕರೆ ಮಾಡಿದರೆ ಚೈತ್ರರವರು ಎತ್ತುವುದಿಲ್ಲ. ಹೆಸರಘಟ್ಟಕ್ಕೇ ಹೋಗಿ ಬನ್ನಿರೆಂದು ಎಲ್ಲರೂ ಹೇಳಿದ್ದಾಗಿದೆ. ಅಂಗಳದಲ್ಲಿ ಆ ತಕ್ಕಡಿ ಇನ್ನೂ ಅಲ್ಲೇ ಇರುತ್ತದೆ, ಅದರ ಪಕ್ಕ ಹೇಗೆ ನಿಲ್ಲಲಿ ಎಂಬುದು ಅವರ ಉತ್ತರ. ಸದರಿಯವರು ಹೆದರಿದ್ದಾರೆ. ಹೆಂಡತಿ ಬಾರದೆ ಹೋದರೆ ಎಂಬುದಕ್ಕಿಂತ, ತಾನು ಹೋಗಿ ನಿಂತ ಮೇಲೂ ಬಾರದೆ ಹೋದರೆ ಎಂಬುದಕ್ಕೆ ಹೆದರಿದ್ದಾರೆ.

12. ಈ ನಡುವೆ ಒಂದು ದಿನ ಗೌರಮ್ಮನವರು ತಾವಾಗಿಯೇ ಬಸ್ಸಿನಲ್ಲಿ ಈ ಕಚೇರಿಗೆ ಆಗಮಿಸಿರುತ್ತಾರೆ. ಅವರು ಗೇಟಿನ ಒಳಗೆ ಬರುತ್ತಿರುವುದನ್ನು ಕಿಟಕಿಯಿಂದ ಕಂಡ ಉಮೇಶ್‌ರವರು ಹಳೆಯ ಕಡತಗಳ ಕೋಣೆಗೆ ಹೋಗಿ, ಅಲ್ಲಿ ಬಹಳ ತುರ್ತಾದ ಒಂದು ಹಳೆಯ ಕಡತವನ್ನು ಹುಡುಕತೊಡಗಿದರು. ಆದ್ದರಿಂದ ಮುಂದಿನದನ್ನು ಅವರು ಕಣ್ಣಾರೆ ಕಂಡಿಲ್ಲ.

ಅಧೀಕ್ಷಕರಾದ ರಾಧಾಮಣಿಯವರು ಎದ್ದು ಹೋಗಿ, ಕುರ್ಚಿ ಹಾಕಿಸಿ, ಕಾಫಿ ತರಿಸಿದರು. ಆ ತಕ್ಕಡಿಯ ಕಂಡಿಕೆ ಬರೆದವರು ಯಾರು, ಅವರ ಮುಖವನ್ನೊಮ್ಮೆ ನೋಡಬೇಕು ಎಂದು ಗೌರಮ್ಮನವರು ಕೇಳಲಾಗಿ, ಕೆಳಸಹಿದಾರರು ಆ ಹೊತ್ತಿಗೆ ಸಭೆಯಲ್ಲಿದ್ದರು. (ಸಭೆಯಲ್ಲಿ ಬೇರೆ ಯಾರೂ ಇರಲಿಲ್ಲ.) ಬಾಗಿಲ ಸಂದಿಯಿಂದ ಕೇಳಿಸಿದ್ದನ್ನು ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ.

“ತೂಕ ಕೇಳಿದ್ಕೆ ನಂಗೇನ್ ಬ್ಯಾಸ್ರ ಇಲ್ಲ ಕಣವ್ವ. ಎಂಬತ್ತೆರಡು ಕೇಜಿ ಇವ್ನಿ, ಮುಚ್ಚುಮರೆ ಏನೈತೆ? ಒಟ್ಟೆತುಂಬ ಉಂಡಿವ್ನಿ, ದುಡ್ದಿವ್ನಿ. ಒಳಕ್ ಕರ್ದು ಕೇಳಿದ್ರೆ ನಾನೇ ತಕ್ಕಡಿ ಮ್ಯಾಲೆ ಕುಣೀತಿದ್ದೆ. ಬೀಗರು ಎಲೆ ಅಡಿಕೆಗೆ ಕಾಯ್ಕೊಂಡ್ ಕೂತವ್ರೆ, ಅವ್ರ್ ಮುಂದೆ ಮೂಟೆ ನಿಲ್ಸ್ದಂಗೆ ನಿಲ್ಸೋದಾ?”

ಇದಕ್ಕೆ ರಾಧಾಮಣಿಯವರು, “ಅವ್ರಿಗೆ ಬುದ್ಧಿ ಕಮ್ಮಿ ಅಮ್ಮ, ಮನಸ್ಸಲ್ಲಿ ಕೆಟ್ಟದ್ದಿಲ್ಲ” ಎಂದು ಇಲಾಖೆಯ ಪರವಾಗಿ ಮಾಹಿತಿ ಒದಗಿಸಿದರು.

ಕಾಫಿ ಕುಡಿದು ಹೊರಗೆ ಬಂದ ಗೌರಮ್ಮನವರು ನೆರಳಿನಲ್ಲಿ ನಿಂತಿದ್ದ ಅಳಿಯನ ಬೈಕನ್ನು ಗುರುತಿಸಿದರು. ಬಗ್ಗಿ, ಕರು ಹಾಕಿದ ಹಸುವಿನ ಕೆಚ್ಚಲು ಮುಟ್ಟಿ ನೋಡುವಂತೆ, ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಇದು ನಿಯಮ 9ರ ಸ್ಪಷ್ಟ ಉಲ್ಲಂಘನೆಯಾಗಿದ್ದು, ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ.

“ಕಲ್ಲಾಗೈತಲ್ಲಪ್ಪ” ಎಂದರು ಖಾದರ್ ಬಾಷಾರವರ ಕಡೆ ತಿರುಗಿ. “ಒಬ್ರೇ ಓಡಾಡೋ ಗಾಡಿಗೆ ಇಷ್ಟ್ ಗಾಳಿ ಯಾಕೆ?”

“ಇಳಿಸಕ್ಕೆ ಬಿಡಲ್ಲಮ್ಮ ಅವ್ರು” ಎಂದರು ಖಾದರ್ ಬಾಷಾ. “ನಾನು ದಿನಾ ಕೇಳ್ತೀನಿ. ಮೇಡಮ್ ಹತ್ಕೊಂಡ್ರೆ ಬೇಕಾಗ್ತದೆ ಅಂತಾರೆ.”

ಗೌರಮ್ಮನವರು ಟೈರಿನ ಮೇಲಿಂದ ಕೈ ತೆಗೆಯುವುದನ್ನೇ ಮರೆತರು. ಆಮೇಲೆ ಸೆರಗಿನಿಂದ ಬೆರಳಿನ ಮಸಿ ಒರೆಸಿಕೊಂಡು, ಗೇಟಿನವರೆಗೆ ಬೀಳ್ಕೊಡಲು ಬಂದ ರಾಧಾಮಣಿಯವರಿಗೆ ಒಂದು ಮಾತು ಹೇಳಿದರು: “ಗಾಳಿ ಇಳಿಸ್ಬ್ಯಾಡಿ ಅನ್ನವ್ವ ಅಳಿಯಂದ್ರಿಗೆ.” ಹೇಳಿ, ಬಸ್ಸಿಗೆ ಹೋದರು.

13. ಈ ಮಾತಿನ ಅರ್ಥ ಕಚೇರಿಯಲ್ಲಿ ಎಲ್ಲರಿಗೂ ಆಯಿತು. ಖಾದರ್ ಬಾಷಾರವರಿಗೆ ಆಯಿತು. ಏನನ್ನೂ ಓದದ ವಿಜಯಕುಮಾರರಿಗೂ ಆಯಿತು. ಕಡತಗಳ ಕೋಣೆಯಿಂದ ಧೂಳು ಮೆತ್ತಿಕೊಂಡು ಹೊರಬಂದ ಉಮೇಶ್‌ರವರಿಗೆ ರಾಧಾಮಣಿಯವರು ಚಾಚೂ ತಪ್ಪದೆ ತಿಳಿಸಿದರು. ಸದರಿಯವರು ಬಹಳ ಹೊತ್ತು ಯೋಚಿಸಿ, ಕಣ್ಣು ತೇವ ಮಾಡಿಕೊಂಡು, ಕೇಳಿದ ಪ್ರಶ್ನೆ ಇದು:

“ಮೇಡಂ, ಅದು ನನಗೇ ಹೇಳಿದ್ದು ಅಂತ ಬರವಣಿಗೆಲಿ ಏನಾದ್ರೂ ಇದೆಯಾ?”

ರಾಧಾಮಣಿಯವರು ಕೈಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು, ನೇರವಾಗಿ ಕೆಳಸಹಿದಾರರ ಕೋಣೆಗೆ ಬಂದು, “ಸಾರ್, ಆ ಮನುಷ್ಯನಿಗೆ ಒಂದ್ ಸುತ್ತೋಲೆ ಹೊರಡಿಸ್ತೀರೋ, ಇಲ್ಲ ನಾನೇ ಅವ್ರನ್ನ ತಕ್ಕಡಿ ಮೇಲೆ ನಿಲ್ಲಿಸ್ಲೋ?” ಎಂದು ಕೋರಿರುತ್ತಾರೆ. ಆದ್ದರಿಂದ ಈ ಸುತ್ತೋಲೆ. ಮೇಲಿನ ಮಿಕ್ಕ ನಿಯಮಗಳನ್ನೆಲ್ಲ ಸುತ್ತೋಲೆ ಸುತ್ತೋಲೆಯಂತೆ ಕಾಣಲಿ ಎಂದು ಸೇರಿಸಲಾಗಿದೆ; ಆದರೂ ಪಾಲಿಸತಕ್ಕದ್ದು.

14. ಹಿಂಬದಿ ಸವಾರರ ತೂಕವನ್ನು ಇನ್ನು ಮುಂದೆ ಯಾರೂ ಕೇಳತಕ್ಕದ್ದಲ್ಲ, ತೂಗತಕ್ಕದ್ದಲ್ಲ, ಊಟಕ್ಕೆ ಮುಂಚೆ ಎಷ್ಟು, ನಂತರ ಎಷ್ಟು ಎಂದು ಲೆಕ್ಕ ಹಾಕತಕ್ಕದ್ದಲ್ಲ. ಹಿಂದೆ ಕೂತವರು ಅತ್ತೆಯಾಗಲಿ, ಹೆಂಡತಿಯಾಗಲಿ, ಗಾಡಿಯ ಮಟ್ಟಿಗೆ ಅವರು ‘ಇನ್ನೊಬ್ಬರು’ ಮಾತ್ರ. ಇಬ್ಬರಿಗೆ ಎಷ್ಟು ಬರೆದಿದೆಯೋ ಅಷ್ಟು ಗಾಳಿ ಹಾಕಿಸಿ, ಬಾಯಿ ಮುಚ್ಚಿಕೊಂಡು ಹೊರಡತಕ್ಕದ್ದು. ಹಿಂದಿನದರಲ್ಲಿದ್ದ ತೂಕದ ಕಂಡಿಕೆಯನ್ನು ರದ್ದುಪಡಿಸಲಾಗಿದೆ. ಅದು ಇತ್ತೆಂಬುದನ್ನೂ ರದ್ದುಪಡಿಸಲಾಗಿದೆ.

15. ಒಂಟಿ ಸವಾರರು ಜೋಡಿಯ ಗಾಳಿ ಇಟ್ಟುಕೊಂಡು ಓಡಾಡುವುದು ನಿಯಮ 10ಕ್ಕೆ ವಿರುದ್ಧ. ಆದರೆ ಬರಬೇಕಾದವರು ಇದ್ದು, ಅವರು ಬರುವರೆಂಬ ನಂಬಿಕೆಯಿಂದ ಹಾಗೆ ಮಾಡುವವರಿಗೆ ವಿನಾಯಿತಿ ನೀಡಲಾಗಿದೆ. ಹಂಪಿನಲ್ಲಿ ನಿಧಾನವಾಗಿ ಹೋಗತಕ್ಕದ್ದು. ಸಾರನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತರತಕ್ಕದ್ದು.

16. ಉಲ್ಲೇಖ 3ರ ಅಪ್ಪಣೆ ಪ್ರಥಮ ದರ್ಜೆ ಸಹಾಯಕರಾದ ಉಮೇಶ್‌ರವರನ್ನೇ ಕುರಿತದ್ದು, ಬೇರೆ ಯಾರನ್ನೂ ಕುರಿತದ್ದಲ್ಲ ಎಂದು ಈ ಮೂಲಕ ಬರವಣಿಗೆಯಲ್ಲಿ ದೃಢೀಕರಿಸಲಾಗಿದೆ. ಇನ್ನಾದರೂ ಅರ್ಥ ಮಾಡಿಕೊಳ್ಳತಕ್ಕದ್ದು.

ಇದರಲ್ಲಿ ಇಲಾಖೆಯ ತಪ್ಪು ಯಾವುದೂ ಇರುವುದಿಲ್ಲ ಎಂದು ಮೇಲೆ ತಿಳಿಸಿದ್ದು ಸರಿಯಷ್ಟೆ. ಸ್ವಲ್ಪ ಇರಬಹುದು.

(ಸಹಿ)
ನರಸಿಂಹಯ್ಯ
ಪ್ರಭಾರ ಉಪನಿರ್ದೇಶಕರು
(ಸಭೆಯಿಂದ ಈಗಷ್ಟೇ ಹೊರಬಂದಿರುತ್ತಾರೆ)

ಪ್ರತಿ:

1. ಶಾಖೆಯ ಎಲ್ಲಾ ಸಿಬ್ಬಂದಿಗೆ. ಇದರ ಮೇಲೆ ಕಾಫಿ ಲೋಟ ಇಡತಕ್ಕದ್ದಲ್ಲ.

2. ರಾಧಾಮಣಿ, ಅಧೀಕ್ಷಕರು. ಕೋರಿಕೆಯಂತೆ ಕ್ರಮ ಕೈಗೊಳ್ಳಲಾಗಿದೆ, ದಯವಿಟ್ಟು ಶಾಂತರಾಗುವುದು.

3. ವಿಜಯಕುಮಾರರವರಿಗೆ. ಟೈರಿಗೆ ಬಿ.ಪಿ. ಇರುವುದಿಲ್ಲವೆಂದು ಮತ್ತೊಮ್ಮೆ ತಿಳಿಸುತ್ತಾ.

4. ‘ಗಾಳಿ ಇಲ್ಲ’ ಫಲಕ ಇರುವ ಬಂಕಿನವರಿಗೆ, ಫಲಕದ ಪಕ್ಕದಲ್ಲೇ ಅಂಟಿಸಲು.

5. ಹೆಸರಘಟ್ಟದ ಮನೆಯ ಅಂಗಳದ ತಕ್ಕಡಿಗೆ. ಗೋಪಿಯವರು ಇದನ್ನು ಅದರ ಮೇಲೆ ಕಟ್ಟಿ, ಉಮೇಶ್‌ರವರು ಬರುವ ಹೊತ್ತಿಗೆ ತಕ್ಕಡಿಯನ್ನು ಕೊಟ್ಟಿಗೆಯ ಒಳಗಿಡುವುದು.

6. ಶ್ರೀಮತಿ ಗೌರಮ್ಮನವರಿಗೆ, ಕ್ಷಮೆ ಕೋರಿ. ಅವರು ತಿಳಿಸಿದ ಎಂಬತ್ತೆರಡನ್ನು ಕಡತದಿಂದ ಹೊಡೆದುಹಾಕಲಾಗಿದೆ. ವೀಳ್ಯದೆಲೆ ತರುವ ಕೆಲಸ ಬಾಕಿ ಇರುವುದನ್ನು ಇಲಾಖೆ ಗಮನಿಸಿದೆ.

7. ಖಾದರ್ ಬಾಷಾರವರಿಗೆ. ಇಂದು ಉಮೇಶ್‌ರವರು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ, ಹಿಂದಿನ ಚಕ್ರದಲ್ಲಿ ಮೂವತ್ತಮೂರು ಇದೆಯೇ ಎಂದು ಗೇಜಿನಿಂದ ನೋಡಿ ಕಳುಹಿಸುವುದು. ಬೆರಳಿನಿಂದಲ್ಲ.

8. ಶ್ರೀಮತಿ ಚೈತ್ರರವರಿಗೆ. ಈ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸದೆ, ಉಮೇಶ್‌ರವರ ಮೂಲಕವೇ ಮುದ್ದಾಂ ತಲುಪಿಸತಕ್ಕದ್ದು. ಸದರಿ ಪ್ರಯಾಣವನ್ನು ಕರ್ತವ್ಯವೆಂದು ಪರಿಗಣಿಸಲಾಗುವುದು. ಹೋಗುವಾಗ ಒಬ್ಬರೇ ಇರುತ್ತಾರೆ, ಗಾಳಿ ಬರುವಾಗಿನದು.

9. ಕಚೇರಿ ಪ್ರತಿ.